ಓದುಗರ ಪ್ರಶ್ನೆ: ಧರ್ಮ ಬದಲಾವಣೆಗೆ ಅಡ್ಡಿಯೋ, ಆಸರೆಯೋ?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಧರ್ಮವು ಜನರ ಅಫೀಮು ಎಂಬ ಮಾರ್ಕ್ಸ್‌ನ ಮಾತನ್ನು ವಿವರಿಸುತ್ತಿದ್ದಾಗ, ‘ಹಾಗಾದರೆ ಬಸವಣ್ಣನವರು ಮಾಡಿದ್ದೇನು?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಧರ್ಮ ಸಾಮಾಜಿಕ ಬದಲಾವಣೆಯನ್ನು ತಡೆಯುತ್ತದೆಯೇ, ತರುತ್ತದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಮಾರ್ಕ್ಸ್‌ನ ಮಾತನ್ನು ಪೂರ್ತಿಯಾಗಿ ಓದಬೇಕು. 1844ರಲ್ಲಿ ಪ್ರಕಟವಾದ ಆ ಬರಹದಲ್ಲಿ ಅಫೀಮಿನ ಮಾತಿಗೆ ಮುಂಚೆಯೇ ಆತ ಧರ್ಮವನ್ನು ತುಳಿತಕ್ಕೊಳಗಾದ ಜೀವಿಯ ನಿಟ್ಟುಸಿರು ಎಂದೂ ನಿಜವಾದ ಸಂಕಟದ ವಿರುದ್ಧದ ಪ್ರತಿಭಟನೆ ಎಂದೂ ಕರೆದಿದ್ದಾನೆ. ನೋವಿಗೆ ಧರ್ಮ ದನಿ ಕೊಡುತ್ತದೆ, ಆದರೆ ಅದರ ಕಾರಣವನ್ನು ಮರೆಸುತ್ತದೆ ಎಂಬುದು ಅವನ ಆಕ್ಷೇಪ. ಅದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಎಲ್ಲಮ್ಮನ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿ ದೇವಿಯ ಇಚ್ಛೆಯೆಂಬ ನಂಬಿಕೆಯ ಬಲದಿಂದ ಉಳಿದುಕೊಂಡಿತು. ಕರ್ನಾಟಕದಲ್ಲಿ 1982ರ ನಿಷೇಧ ಕಾನೂನು ಬಂದ ಮೇಲೂ ಅದು ಕೂಡಲೇ ನಿಲ್ಲಲಿಲ್ಲ.

ಇನ್ನೊಂದು ಕಡೆ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇದ್ದಾನೆ. ದುಡಿಮೆಯನ್ನು ದೇವರ ಕರೆಯೆಂದು ಬಗೆದು, ಗಳಿಸಿದ್ದನ್ನು ಭೋಗಕ್ಕೆ ವ್ಯಯಿಸದೆ ಮತ್ತೆ ಉದ್ಯಮದಲ್ಲಿ ತೊಡಗಿಸಿದ, ಪ್ರೊಟೆಸ್ಟಂಟ್ ಕ್ರೈಸ್ತರಲ್ಲಿ ಒಂದಾದ ಕ್ಯಾಲ್ವಿನ್ ಪಂಥದವರ ಶಿಸ್ತು ಯೂರೋಪಿನ ಬಂಡವಾಳಶಾಹಿಯ ಮನೋಧರ್ಮವನ್ನು ರೂಪಿಸಿತೆಂದು ಅವನು 1904–05ರಲ್ಲಿ ವಾದಿಸಿದ. ಶರಣರ ಕಾಯಕವನ್ನು ಇದಕ್ಕೆ ಹೋಲಿಸುವವರು ಬಹಳ. ಹೋಲಿಕೆ ಅರ್ಧ ಮಾತ್ರ ಸರಿ ಎಂದು ನನಗನ್ನಿಸುತ್ತದೆ, ಏಕೆಂದರೆ ಕಾಯಕದ ಜೊತೆಗೆ ದಾಸೋಹವಿದೆ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಶರಣ ಮಾರಯ್ಯನನ್ನು ಹೆಂಡತಿ ಲಕ್ಕಮ್ಮ ಪ್ರಶ್ನಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ನಿಮ್ಮ ತರಗತಿಯಲ್ಲಿ ಹೇಳಿ. ಕ್ಯಾಲ್ವಿನ್ ಪಂಥದವರ ಕೈಯಲ್ಲಿ ಬಂಡವಾಳವಾಗುತ್ತಿದ್ದ ಆ ಹೆಚ್ಚುವರಿಯೇ ಇಲ್ಲಿ ಆಸೆಯೆಂಬ ದೋಷವಾಗುತ್ತದೆ. ಗಂಡನ ನಡೆಯನ್ನು ತಿದ್ದಿದವಳು ದುಡಿಯುವ ಜಾತಿಯ ಹೆಣ್ಣುಮಗಳು ಎಂಬುದೇ ಹನ್ನೆರಡನೆಯ ಶತಮಾನದ ಮಟ್ಟಿಗೆ ದೊಡ್ಡ ಬದಲಾವಣೆ.

ಆದರೆ ಅದೇ ಕಲ್ಯಾಣದಲ್ಲಿ, ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ತಂದೆಯರಿಬ್ಬರಿಗೂ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಶಿಕ್ಷೆಯಾಯಿತು. ಅನುಭಾವವನ್ನು ಸಹಿಸಿದ ವ್ಯವಸ್ಥೆ ಮದುವೆಯನ್ನು ಸಹಿಸಲಿಲ್ಲ. ಶರಣರು ಚದುರಿದರು, ವಚನಗಳನ್ನು ಉಳಿಸಿ, ಸಂಕಲಿಸಿ ನಮಗೆ ತಲುಪಿಸಿದವರು ಮುಂದಿನ ಶತಮಾನಗಳ ವಿರಕ್ತರು. ಜಾತಿಯನ್ನು ನಿರಾಕರಿಸಿ ಹುಟ್ಟಿದ ಸಮುದಾಯದೊಳಗೆ ಕ್ರಮೇಣ ಒಳಪಂಗಡಗಳೂ ಅವುಗಳ ನಡುವೆ ಹೆಣ್ಣು ಕೊಡುವ, ತರುವ ಕಟ್ಟುಪಾಡುಗಳೂ ಬೆಳೆದವು. ಒಬ್ಬ ವ್ಯಕ್ತಿಯ ಅಸಾಧಾರಣ ವರ್ಚಸ್ಸಿನಿಂದ ಹೊರಟ ಚಳವಳಿ ಆತನ ನಂತರವೂ ಉಳಿಯಬೇಕಾದರೆ ಸಂಸ್ಥೆಯಾಗಬೇಕಾಗುತ್ತದೆ, ಸಂಸ್ಥೆಯಾದೊಡನೆ ಉತ್ತರಾಧಿಕಾರ, ಆಸ್ತಿ, ಪದವಿಗಳು ಅದನ್ನು ಕಟ್ಟಿಹಾಕುತ್ತವೆ ಎಂಬ ವೆಬರ್‌ನ ವಿಶ್ಲೇಷಣೆ ಇಲ್ಲಿ ಬಹಳ ನೆರವಾಗುತ್ತದೆ. ಹಾಗೆಂದು ಮಠಗಳನ್ನು ಸ್ಥಾವರವೆಂದು ತಳ್ಳಿಹಾಕುವುದು ಅನ್ಯಾಯ: ತುಮಕೂರಿನ ಸಿದ್ಧಗಂಗೆಯಲ್ಲಿ ಉಚಿತವಾಗಿ ಉಂಡು ಓದಿದ ಬಡಮಕ್ಕಳಿಗೆ, ಅವರ ಜಾತಿ ಯಾವುದೇ ಇರಲಿ, ಬದುಕು ಬದಲಾದದ್ದು ಮಠದಿಂದಲೇ. ಆದ್ದರಿಂದ ಧರ್ಮ ಏನು ಮಾಡುತ್ತದೆ ಎಂಬುದಕ್ಕಿಂತ, ಅದು ಯಾರ ಕೈಯಲ್ಲಿದೆ, ಊಟದ ಪಂಕ್ತಿಯಲ್ಲಿ ಒಪ್ಪಿದ ಸಮಾನತೆಯನ್ನು ಮದುವೆಯ ಮಾತುಕತೆಯಲ್ಲೂ ಒಪ್ಪುತ್ತದೆಯೇ ಎಂದು ಕೇಳಲು ವಿದ್ಯಾರ್ಥಿಗಳಿಗೆ ಕಲಿಸಿ.

ಪ್ರಶ್ನೆ: ಕೆಳಜಾತಿಯವರು ಮೇಲ್ಜಾತಿಯ ಆಚರಣೆಗಳನ್ನು ಅಳವಡಿಸಿಕೊಳ್ಳುವುದನ್ನು ಸಾಮಾಜಿಕ ಬದಲಾವಣೆ ಎನ್ನಬಹುದೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಕೊಡವರನ್ನು ಕುರಿತ 1952ರ ಅಧ್ಯಯನದಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನು ಸಂಸ್ಕೃತೀಕರಣವೆಂದು ಕರೆದರು. ಇದರಿಂದ ಏಣಿಯ ಮೇಲೆ ಒಂದು ಜಾತಿಯ ಸ್ಥಾನ ಬದಲಾಗುತ್ತದೆಯೇ ಹೊರತು ಏಣಿ ಬದಲಾಗುವುದಿಲ್ಲವೆಂಬುದನ್ನು ಅವರೇ ಸ್ಪಷ್ಟಪಡಿಸಿದ್ದಾರೆ. ನಿಮ್ಮ ಜಿಲ್ಲೆಯ ಕುದ್ರೋಳಿಯನ್ನೇ ನೋಡಿ. ದೇವಾಲಯಗಳಿಗೆ ಪ್ರವೇಶವಿಲ್ಲದಿದ್ದ ಬಿಲ್ಲವರಿಗಾಗಿ ಅಲ್ಲಿ 1912ರಲ್ಲಿ, ಕೆಳಜಾತಿಯೆಂದು ಎಣಿಸಲಾಗಿದ್ದ ಕೇರಳದ ಈಳವ ಸಮುದಾಯದ ಸಂತ ನಾರಾಯಣ ಗುರುಗಳು ಶಿವನನ್ನು ಪ್ರತಿಷ್ಠಾಪಿಸಿದರು. ಹೊರನೋಟಕ್ಕೆ ಇದೂ ಮೇಲ್ಜಾತಿಯ ಆಚರಣೆಯ ಅನುಕರಣೆಯಂತೆ ಕಾಣಬಹುದು. ಆದರೆ ದೇವರನ್ನು ಪ್ರತಿಷ್ಠಾಪಿಸುವ ಅಧಿಕಾರವನ್ನೇ ಕೈಗೆ ತೆಗೆದುಕೊಂಡ ನಡೆಯಾದ್ದರಿಂದ ನಾನು ಇದನ್ನು ಬದಲಾವಣೆಯೆಂದೇ ಎಣಿಸುತ್ತೇನೆ. ಅನುಕರಣೆ ಬರೀ ಅನುಕರಣೆಯಾಗಿ ಉಳಿದ ಕಡೆ ಅದರ ಬೆಲೆ ತೆತ್ತವರು ಹೆಂಗಸರು: ಉಡಿಕೆಯ ಮೂಲಕ ವಿಧವೆಯರು ಮತ್ತೆ ಸಂಸಾರ ಹೂಡಬಹುದಾಗಿದ್ದ ಎಷ್ಟೋ ಜಾತಿಗಳು, ಮೇಲೇರುವ ಹಂಬಲದಲ್ಲಿ, ಆ ದಾರಿಯನ್ನೇ ಮುಚ್ಚಿದವು.