ದಾವಣಗೆರೆಯಿಂದ ಜರ್ಮನಿಯ ತತ್ವಶಾಸ್ತ್ರ ವಿಭಾಗಕ್ಕೆ: ಉಪನ್ಯಾಸ, ಪ್ರಶ್ನೆ, ಕೆಲಸ

ನೀವು ಬರೆದದ್ದರ ಸಾರ ಇಷ್ಟು: ಬಿ.ಎ. ದಾವಣಗೆರೆಯಲ್ಲಿ, ತತ್ವಶಾಸ್ತ್ರದ ಎಂ.ಎ. ಧಾರವಾಡದಲ್ಲಿ, ಶೇಕಡಾ 70, ನೆಟ್ ಆಗಿದೆ, ಈಗ ಊರಿನ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಜರ್ಮನಿಯ ವಿಶ್ವವಿದ್ಯಾಲಯಗಳ ತತ್ವಶಾಸ್ತ್ರ ಉಪನ್ಯಾಸಗಳಿಗೆ ಹೊರಗಿನವರು ಹೋಗಬಹುದಾ, ಅದರಿಂದ ಸಂಶೋಧನೆಯ ಕೆಲಸ ಸಿಗುತ್ತದಾ, ಆ ಸಂಬಳದಲ್ಲಿ ಬದುಕಬಹುದಾ. ಕೊನೆಗೆ, "ಅಣ್ಣಾರೆ, ಮೊದಲು ಯಾವುದರಿಂದ ಶುರು ಮಾಡ್ಲಿ?"

ಉಪನ್ಯಾಸದಿಂದಲೇ ಶುರು ಮಾಡಿ, ಅದೂ ದಾವಣಗೆರೆಯಲ್ಲಿ ಕೂತುಕೊಂಡೇ. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಏಜೆಂಟರ ಹತ್ತಿರ ಹೋಗಿ ದುಡ್ಡು ಕಟ್ಟುತ್ತಾರೆ, ಆಮೇಲೆ ವಿಷಯ ಹುಡುಕುತ್ತಾರೆ. ತತ್ವಶಾಸ್ತ್ರದ ಸಂಶೋಧನೆಗೆ ಏಜೆಂಟರಿಂದ ಆಗುವ ಕೆಲಸ ಒಂದೂ ಇಲ್ಲ. ಒಬ್ಬ ಪ್ರಾಧ್ಯಾಪಕರಿಗೆ ನಿಮ್ಮ ಪ್ರಶ್ನೆ ಗೊತ್ತಾಗಬೇಕು, ಅಷ್ಟೇ. ಗೊತ್ತಾಗುವ ಜಾಗವೇ ಈ ಉಪನ್ಯಾಸಗಳು.

ನಮ್ಮ ಕಡೆ ವಿಶೇಷ ಉಪನ್ಯಾಸವೆಂದರೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ವಂದನಾರ್ಪಣೆ ಎಲ್ಲ ಮುಗಿದು ಪ್ರಶ್ನೆಗೆ ಐದು ನಿಮಿಷ ಉಳಿದರೆ ಪುಣ್ಯ. ಇಲ್ಲಿ ಜರ್ಮನಿಯಲ್ಲಿ 45ರಿಂದ 60 ನಿಮಿಷ ಮಾತು, ಹೆಚ್ಚುಕಡಿಮೆ ಅಷ್ಟೇ ಹೊತ್ತು ಪ್ರಶ್ನೆ. ಮಾತಿಗಿಂತ ಪ್ರಶ್ನೆಯ ಹೊತ್ತಿಗೇ ತೂಕ ಜಾಸ್ತಿ. ಪ್ರಕಟಣೆಯಲ್ಲಿ ಬರುವ ಹೆಸರುಗಳನ್ನು ಗುರುತು ಮಾಡಿಕೊಳ್ಳಿ. 'ಗಾಸ್ಟ್‌ಫೋರ್ಟ್ರಾಗ್' ಎಂದರೆ ಬೇರೆ ಕಡೆಯಿಂದ ಬಂದವರ ಉಪನ್ಯಾಸ. 'ರಿಂಗ್‌ಫೋರ್ಲೇಸುಂಗ್' ಊರಿನ ಜನರೂ ಬರಲಿ ಅಂತ ನಡೆಸುವ ಮಾಲೆ. 'ಕೊಲೋಕ್ವಿಯುಂ' ವಿಭಾಗದವರು ಸೆಮಿಸ್ಟರಿನಲ್ಲಿ ನಿಗದಿತ ದಿನ ಕೂರುವ ಸಭೆ. ಈ ಮೂರಕ್ಕೂ ಸಾಮಾನ್ಯವಾಗಿ ಟಿಕೆಟ್ ಇಲ್ಲ, ಯಾರೂ ನಿಮ್ಮನ್ನು ತಡೆಯುವುದಿಲ್ಲ. ನಾಲ್ಕನೆಯದು 'ಓಬರ್‌ಸೆಮಿನಾರ್', ಒಬ್ಬ ಪ್ರಾಧ್ಯಾಪಕರ ಸ್ವಂತ ಬಳಗದ ಸಭೆ. ಅದಕ್ಕೆ ಮೊದಲೇ ಮೇಲ್ ಬರೆದು ಕೇಳಬೇಕು. ಓದಬೇಕಾದ ಲೇಖನ ಮುಂಚೆಯೇ ಬರುತ್ತದೆ, ಓದದೆ ಕೂರುವಂತಿಲ್ಲ. ಹೊಸ ಯೋಜನೆ ಬರುತ್ತಿದೆ, ಒಂದು ಹುದ್ದೆ ಖಾಲಿಯಾಗಲಿದೆ ಎಂಬ ಸುದ್ದಿ ಮೊದಲು ಬಾಯಿಬಿಡುವುದು ಆ ನಾಲ್ಕನೆಯ ಕೋಣೆಯಲ್ಲಿ.

ವಿಭಾಗಗಳ ಪುಟಗಳಲ್ಲೂ ತತ್ವಶಾಸ್ತ್ರದ ಕಾರ್ಯಕ್ರಮಗಳನ್ನು ಪಟ್ಟಿ ಮಾಡುವ ಫಿಲ್‌ಈವೆಂಟ್ಸ್ ಜಾಲತಾಣದಲ್ಲೂ ವೇಳಾಪಟ್ಟಿ ಸಿಗುತ್ತದೆ. ಕೆಲವಕ್ಕೆ ಜೂಮ್ ಕೊಂಡಿ ಇರುತ್ತದೆ. ಸಮಯದ ವಿಷಯದಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. '16 ಸಿ.ಟಿ.' ಅಂತ ಬರೆದಿದ್ದರೆ ಶುರುವಾಗುವುದು 16:15ಕ್ಕೆ, 'ಎಸ್.ಟಿ.' ಅಂತಿದ್ದರೆ ಸರಿಯಾಗಿ ಗಂಟೆಗೆ. ಎರಡನೆಯದು ಗಡಿಯಾರ: ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದು, ಬೇಸಿಗೆಯಲ್ಲಿ ಮೂರೂವರೆ. ಅಂದರೆ 16:15ರ ಉಪನ್ಯಾಸ ದಾವಣಗೆರೆಯಲ್ಲಿ ಜನವರಿಯಲ್ಲಿ ರಾತ್ರಿ 8:45ಕ್ಕೆ, ಜೂನ್‌ನಲ್ಲಿ ಸಂಜೆ 7:45ಕ್ಕೆ. ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಆ ವಾರ ಎಷ್ಟೋ ಜನ ಒಂದು ಗಂಟೆ ತಪ್ಪಿ ಬರುತ್ತಾರೆ. ಇನ್ನು ಕಾಲ: ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ, ಏಪ್ರಿಲ್ ಮಧ್ಯದಿಂದ ಜುಲೈವರೆಗೆ. ಆಗಸ್ಟ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಆಗ ರಜೆ.

ಪ್ರಶ್ನೆ ಕೇಳಲು ಒಂದು ಪದ್ಧತಿ ಇದೆ. ಪೂರ್ತಿ ಕೈ ಎತ್ತಿದರೆ ಹೊಸ ಪ್ರಶ್ನೆ, ಒಂದು ಬೆರಳು ಎತ್ತಿದರೆ ಈಗ ನಡೆಯುತ್ತಿರುವ ಪ್ರಶ್ನೆಗೇ ಸೇರಿದ ಮಾತು. ಅಧ್ಯಕ್ಷರು ಪಟ್ಟಿ ಬರೆದುಕೊಳ್ಳುತ್ತಾರೆ, ಬೆರಳಿನವರಿಗೆ ಮೊದಲು ಅವಕಾಶ. ಹೊಸ ಪ್ರಶ್ನೆ ಇಟ್ಟುಕೊಂಡು ಬೆರಳು ಎತ್ತಿದರೆ ಸಾಲು ಮುರಿದಂತೆ. ಮಾತು ಮುಗಿದಾಗ ಚಪ್ಪಾಳೆ ಬದಲು ಬೆರಳಿನ ಗಂಟಿನಿಂದ ಮೇಜು ಕುಟ್ಟುತ್ತಾರೆ, ಗಾಬರಿಯಾಗಬೇಡಿ.

ಹೋಗುವ ಮುಂಚೆ ಸಾರಾಂಶ ಓದಿ, ಭಾಷಣಕಾರರ ಒಂದಾದರೂ ಲೇಖನ ಓದಿ, ಮೂರು ವಾಕ್ಯದ ಒಂದು ಪ್ರಶ್ನೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಮ್ಮವರು ಮಾಡುವ ದೊಡ್ಡ ತಪ್ಪು, "ಇದನ್ನು ನಮ್ಮ ವೇದಾಂತದಲ್ಲಿ ಆಗಲೇ ಹೇಳಿದ್ದಾರೆ" ಅಂತ ಶುರು ಮಾಡಿ ಮೂರು ನಿಮಿಷ ಪೀಠಿಕೆ ಹಾಕುವುದು. ಅದು ನಿಜವೇ ಇರಬಹುದು, ಆದರೆ ಪ್ರಶ್ನೆಯಲ್ಲ. ಎದುರಿಗಿರುವವರಿಗೆ ಉತ್ತರಿಸಲು ಅದರಲ್ಲಿ ಏನೂ ಇರುವುದಿಲ್ಲ. ಅದೇ ಜ್ಞಾನವನ್ನು ಹೀಗೆ ತಿರುಗಿಸಿ ನೋಡಿ. ಉಪನ್ಯಾಸ ನೆನಪಿನ ಬಗ್ಗೆ ಅಂದುಕೊಳ್ಳೋಣ. "ನ್ಯಾಯ ದರ್ಶನದಲ್ಲಿ ಯಥಾರ್ಥವಾದ ಅನುಭವ ಮಾತ್ರ ಪ್ರಮೆ, ಅಂದರೆ ಸರಿಯಾದ ಜ್ಞಾನ. ಸ್ಮೃತಿ ಸಂಸ್ಕಾರದಿಂದಷ್ಟೇ ಹುಟ್ಟುವುದರಿಂದ ಅದು ಹೊರಗೆ ಉಳಿಯುತ್ತದೆ. ಕಳೆದ ಘಟನೆಯನ್ನು ನೆನಪು ಮರಳಿ ಕಟ್ಟುತ್ತದೆ ಅಂತ ನೀವು ಅನ್ನುತ್ತೀರಿ. ಹಾಗಾದರೆ ಅದು ಹಳೆಯ ಜ್ಞಾನವನ್ನು ಉಳಿಸುವುದಲ್ಲದೆ ಹೊಸದನ್ನೂ ಹುಟ್ಟಿಸುತ್ತದೆ ಅಂತ ಒಪ್ಪುತ್ತೀರಾ?" ಇದಕ್ಕೆ ಹೌದು ಅಂದರೂ ಇಲ್ಲ ಅಂದರೂ ಅವರು ಕಾರಣ ಕೊಡಬೇಕು. ಅಲ್ಲಿ ಮಾತುಕತೆ ಹುಟ್ಟುತ್ತದೆ.

ಎರಡು ದಿನದೊಳಗೆ ಐದು ಸಾಲಿನ ಮೇಲ್ ಬರೆಯಿರಿ: ಯಾವ ಉಪನ್ಯಾಸ, ನೀವು ಕೇಳಿದ್ದು ಏನು, ಅವರ ಉತ್ತರದಲ್ಲಿ ನಿಮಗೆ ಉಳಿದ ತೊಡಕು ಏನು. ಕೆಲಸ ಕೇಳಬೇಡಿ, ಮೊದಲ ಮೇಲ್‌ನಲ್ಲಿ ಅದು ಎಲ್ಲವನ್ನೂ ಕೆಡಿಸುತ್ತದೆ. ಇಲ್ಲಿಗೆ ಬಂದ ಮೇಲೆ ಉಪನ್ಯಾಸದ ನಂತರ ಊಟಕ್ಕೆ ಹೋಗುವ ಗುಂಪಿನಲ್ಲಿ ಸೇರಿಕೊಳ್ಳಿ. ಸಾಮಾನ್ಯವಾಗಿ ಅವರವರ ಬಿಲ್ಲು ಅವರವರು ಕೊಡುತ್ತಾರೆ, ಸಂಕೋಚಪಡುವಂಥದ್ದಲ್ಲ.

ಇನ್ನು ವಿಷಯ. "ಶಂಕರ ಮತ್ತು ಕಾಂಟ್: ಒಂದು ತೌಲನಿಕ ಅಧ್ಯಯನ" ಅಂತ ಕಳಿಸಿದರೆ ಉತ್ತರವೇ ಬರುವುದಿಲ್ಲ. ಮೂರು ವರ್ಷದಲ್ಲಿ ಮುಗಿಯದ ವಿಷಯ ಅದು, ಯಾವ ವಾದಕ್ಕೆ ಯಾವ ಆಕ್ಷೇಪ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಒಂದು ಗ್ರಂಥ, ಒಂದು ವಾದ, ಇವತ್ತಿನ ಒಂದು ಚರ್ಚೆ, ಇಷ್ಟಕ್ಕೆ ಇಳಿಸಿ. ಆಮೇಲೆ ಊರು ಹುಡುಕಿ, ಊರು ನೋಡಿ ವಿಷಯ ಹುಡುಕಬೇಡಿ. ನೆನಪಿನ ತತ್ವಶಾಸ್ತ್ರಕ್ಕೆ ಬೋಖುಮ್‌ನಲ್ಲಿ ಗಟ್ಟಿ ಬಳಗವಿದೆ. ತರ್ಕ, ಗಣಿತಕ್ಕೆ ಹತ್ತಿರದ ತತ್ವಶಾಸ್ತ್ರಕ್ಕೆ ಮ್ಯೂನಿಕ್‌ನ ಗಣಿತೀಯ ತತ್ವಶಾಸ್ತ್ರ ಕೇಂದ್ರ, 2010ರಲ್ಲಿ ಶುರುವಾದದ್ದು. ಧರ್ಮಕೀರ್ತಿ ಮತ್ತು ಬೌದ್ಧ ಪ್ರಮಾಣಶಾಸ್ತ್ರಕ್ಕೆ ಆಸ್ಟ್ರಿಯದ ವಿಯೆನ್ನಾ ತಲೆಮಾರುಗಳಿಂದ ಹೆಸರುವಾಸಿ. ತತ್ವಶಾಸ್ತ್ರದ ಚರಿತ್ರೆಯನ್ನು ಯುರೋಪಿನ ಆಚೆಯೂ ಹರಡಿ ನೋಡುವ ಕೆಲಸ ಹಿಲ್ಡೆಸ್‌ಹೈಮ್‌ನಲ್ಲಿ ನಡೆದಿದೆ.

ನಿಮಗೆ ವಚನಗಳ ಮೇಲೂ ಮನಸ್ಸಿದೆ ಅಂದಿರಿ. ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಅದು ಸಹಜ, ಅದು ಒಳ್ಳೆಯ ಬಂಡವಾಳವೂ ಹೌದು. ಆದರೆ ಅದನ್ನು ನೇರ ತತ್ವಶಾಸ್ತ್ರ ವಿಭಾಗಕ್ಕೆ ಒಯ್ದರೆ ಮಾರ್ಗದರ್ಶನ ಮಾಡುವ ಕನ್ನಡ ಬಲ್ಲವರು ಸಿಗುವುದು ಕಷ್ಟ. ಭಾರತಶಾಸ್ತ್ರ ಅಥವಾ ಧರ್ಮಾಧ್ಯಯನದ ಒಬ್ಬರು, ತತ್ವಶಾಸ್ತ್ರದ ಒಬ್ಬರು ಜೊತೆಯಾಗಿ ಮಾರ್ಗದರ್ಶಕರಾಗುವಂತೆ ಕೇಳಿ. ನಿಘಂಟುಕಾರ ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಕನ್ನಡ ಇಲ್ಲಿಗೆ ತೀರಾ ಅಪರಿಚಿತವಲ್ಲ.

ಈಗ ಕೆಲಸದ ಮಾತು. ಇಲ್ಲಿ ಪಿಎಚ್.ಡಿ.ಗೆ ಎರಡು ದಾರಿ: ಫೆಲೋಶಿಪ್, ಇಲ್ಲವೇ ನೌಕರಿ. ನೌಕರಿಯೇ ಒಳ್ಳೆಯದು, ಯಾಕೆಂದರೆ ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಸಂಬಳದ ಜೊತೆಗೇ ಬರುತ್ತದೆ. ಫೆಲೋಶಿಪ್‌ನವರು ಪಿಂಚಣಿ ಲೆಕ್ಕದಲ್ಲಿ ಹೊರಗೆ. ಫಿಲ್‌ಜಾಬ್ಸ್, ಯುರಾಕ್ಸೆಸ್ ಮತ್ತು ವಿಶ್ವವಿದ್ಯಾಲಯಗಳ ಪುಟಗಳಲ್ಲಿ ಜಾಹೀರಾತು ಬರುತ್ತದೆ. ಅದರಲ್ಲಿ 'ಟಿವಿ-ಎಲ್ ಇ13, 65%, 3 ವರ್ಷ' ಅಂತಿರುತ್ತದೆ. ಟಿವಿ-ಎಲ್ ಅನ್ನುವುದು ರಾಜ್ಯ ಸರ್ಕಾರಿ ನೌಕರರ ಸಂಬಳದ ಒಪ್ಪಂದ, ಇ13 ಅದರಲ್ಲಿ ಒಂದು ಶ್ರೇಣಿ, 65% ಅಂದರೆ ಪೂರ್ತಿ ಹುದ್ದೆಯ ಅಷ್ಟು ಪಾಲು. 2025ರ ಲೆಕ್ಕದಲ್ಲಿ ಅದರ ಮೊದಲ ಮೆಟ್ಟಿಲು ಪೂರ್ತಿ ಹುದ್ದೆಗೆ ತಿಂಗಳಿಗೆ ಸುಮಾರು 4,600 ಯೂರೋ, 65 ಪರ್ಸೆಂಟಿಗೆ ಸುಮಾರು 3,000. ತೆರಿಗೆ, ವಿಮೆ ಕಳೆದು ಒಂಟಿಯಾಗಿರುವವರ ಕೈಗೆ ಸಿಗುವುದು 2,000ದ ಆಸುಪಾಸು. ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆ 400ರಿಂದ 500 ಯೂರೋ, ಮ್ಯೂನಿಕ್‌ನಲ್ಲಿ 700 ದಾಟುತ್ತದೆ. ಬದುಕಬಹುದು. ಮಿತವಾಗಿದ್ದರೆ ಊರಿಗೂ ಸ್ವಲ್ಪ ಕಳಿಸಬಹುದು.

65 ಪರ್ಸೆಂಟ್ ಅಂದರೆ ಉಳಿದ ಹೊತ್ತು ಬಿಡುವಲ್ಲ, ಪ್ರಬಂಧ ಬರೆಯುವುದು ಅದರಲ್ಲೇ. ಜಾಹೀರಾತಿನಲ್ಲಿ ಇನ್ನೆರಡು ಕಡೆ ಕಣ್ಣಿಡಿ. 'ಎಸ್‌ಡಬ್ಲ್ಯುಎಸ್' ಎಂದರೆ ವಾರಕ್ಕೆ ಎಷ್ಟು ಪಾಠ, ಒಂದು ಎಸ್‌ಡಬ್ಲ್ಯುಎಸ್‌ಗೆ 45 ನಿಮಿಷ. ಪಾಠವಿದ್ದರೆ ಅದು ಜರ್ಮನ್‌ನಲ್ಲೋ ಇಂಗ್ಲಿಷ್‌ನಲ್ಲೋ ಕೇಳಿ ತಿಳಿಯಿರಿ. 'ಡ್ರಿಟ್‌ಮಿಟ್ಟೆಲ್' ಅಂತಿದ್ದರೆ ಹೊರಗಿನ ಅನುದಾನದ ಯೋಜನೆ, ಅಲ್ಲಿ ವಿಷಯ ಮೊದಲೇ ನಿಗದಿ. ನಿಮ್ಮ ವಿಷಯ ಹಿಡಿದುಕೊಂಡು ಹೋದರೆ ನಡೆಯದು. ವಿಭಾಗದ ಸ್ವಂತ ಹುದ್ದೆಯಾದರೆ ನಿಮ್ಮ ವಿಷಯಕ್ಕೆ ಜಾಗವಿದೆ. "ಅನುದಾನ ಮಂಜೂರಾದರೆ ಮಾತ್ರ" ಎಂಬ ಒಂದು ಸಾಲು ಕೆಳಗೆ ಎಲ್ಲೋ ಅಡಗಿರುತ್ತದೆ. ಅದಿದ್ದರೆ ಸಹಿ ಬೀಳುವವರೆಗೆ ಕಾಲೇಜಿನ ಕೆಲಸ ಬಿಡಬೇಡಿ.

ಅರ್ಜಿಗೆ ಬೇಕಾಗುವುದು ಎರಡು ಪುಟದ ಜೀವನವಿವರ, ಒಂದು ಪುಟದ ಉದ್ದೇಶಪತ್ರ, ಐದು ಪುಟದ ಸಂಶೋಧನಾ ಪ್ರಸ್ತಾವ, 15ರಿಂದ 20 ಪುಟದ ಬರವಣಿಗೆಯ ಮಾದರಿ, ಅಂಕಪಟ್ಟಿಗಳು, ಇಬ್ಬರು ಗುರುಗಳ ಹೆಸರು. ಇವುಗಳಲ್ಲಿ ತೂಗುವುದು ಬರವಣಿಗೆಯ ಮಾದರಿ. ಎಂ.ಎ. ಪ್ರಬಂಧದ ಒಂದು ಅಧ್ಯಾಯ ಕತ್ತರಿಸಿ ಕಳಿಸಿದರೆ ಅದಕ್ಕೆ ತಲೆಯೂ ಇರುವುದಿಲ್ಲ, ಬಾಲವೂ ಇರುವುದಿಲ್ಲ. ಒಂದೇ ವಾದದ ಸ್ವತಂತ್ರ ಲೇಖನ ಬರೆಯಿರಿ. ಎದುರು ವಾದವನ್ನು ಅದರ ಗಟ್ಟಿ ರೂಪದಲ್ಲಿ ಇಟ್ಟು ಉತ್ತರಿಸಿ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ, ಸಿದ್ಧಾಂತದ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಂದರ್ಶನ ಜೂಮ್‌ನಲ್ಲಿ ಅರ್ಧ ಗಂಟೆ: ಹತ್ತು ನಿಮಿಷ ನಿಮ್ಮ ಮಾತು, ಉಳಿದದ್ದು ಪ್ರಶ್ನೆ. ಅದಕ್ಕೆ ಮುಂಚೆ ಒಂದು ವಿದ್ಯಾರ್ಥಿ ಸಮ್ಮೇಳನದಲ್ಲಾದರೂ ಪ್ರಬಂಧ ಓದಿರಿ. ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಲ್ಲಿ ಪ್ರತಿವರ್ಷ ನಡೆಯುವ 'ಸೋಫಿಯಾ' ಸಮ್ಮೇಳನ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಅಂತಲೇ ಇದೆ, ಇಂಗ್ಲಿಷ್ ನಡೆಯುತ್ತದೆ.

ಅಂಕದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ನಿಮ್ಮ ಅಂಕ ಬದಲಾಯಿಸುವ ಸೂತ್ರ ಹೀಗೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸ್ ಅಂಕಗಳ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಪಾಸಿಗೆ 40 ಇದ್ದರೆ ನಿಮ್ಮ 70ಕ್ಕೆ ಬರುವುದು 2.5. ಪಿಎಚ್.ಡಿ.ಗೆ ಬಹಳ ಕಡೆ ಕೇಳುವ 'ಗುಟ್' (ಉತ್ತಮ) ದರ್ಜೆಯ ಅಂಚು ಅದೇ. ಹಾಗಾಗಿ ಪಾಸ್ ಅಂಕ ಎಷ್ಟು ಅನ್ನುವುದನ್ನು ವಿಶ್ವವಿದ್ಯಾಲಯದಿಂದ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಇಲ್ಲಿಯವರು ತಮಗೆ ತೋಚಿದ ಸಂಖ್ಯೆ ಹಾಕಿ ನಿಮ್ಮನ್ನು ಕೆಳಗಿಳಿಸಬಹುದು. ಹೊರದೇಶದ ವಿಶ್ವವಿದ್ಯಾಲಯಗಳ ಜರ್ಮನ್ ಪಟ್ಟಿ 'ಅನಾಬಿನ್'ನಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಎಚ್+, ಅಂದರೆ ಮಾನ್ಯತೆಯ ಗುರುತು, ಇದೆಯೇ ಅಂತಲೂ ನೋಡಿಕೊಳ್ಳಿ.

ಬಿ.ಎ. ಟ್ರಾನ್ಸ್‌ಕ್ರಿಪ್ಟ್‌ಗೆ ದಾವಣಗೆರೆ ವಿಶ್ವವಿದ್ಯಾಲಯಕ್ಕೆ, ಅಂದರೆ ತೋಳಹುಣಸೆಯ ಶಿವಗಂಗೋತ್ರಿಗೆ ಹೋದಾಗ ಒಂದೇ ಸಲ ಮೂರು ಸೆಟ್ ತೆಗೆಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದದ್ದು, ಪದವಿ ಪತ್ರದಲ್ಲಿ ಮೂರನೆಯ ತರ ಇದ್ದರೆ ಇಲ್ಲಿಯ ಕಚೇರಿಗಳಿಗೆ ನೀವು ಮೂರು ಜನ. ಅಫಿಡವಿಟ್ ಈಗಲೇ ಮಾಡಿಸಿ, ಅರ್ಜಿಗಳಲ್ಲೆಲ್ಲ ಪಾಸ್‌ಪೋರ್ಟಿನ ಹೆಸರನ್ನೇ ಬರೆಯಿರಿ.

ನೌಕರಿ ಸಿಕ್ಕರೆ ಸಂಶೋಧಕರ ವೀಸಾ, ಸಂಬಳವೇ ಆಧಾರವಾದ್ದರಿಂದ ಬ್ಯಾಂಕಿನಲ್ಲಿ ಹಣ ಇಡಬೇಕಾಗಿಲ್ಲ. ಇಲ್ಲಿ ಮತ್ತೊಂದು ಎಂ.ಎ. ಮಾಡಿಕೊಂಡು ಬರುವ ದಾರಿ ಹಿಡಿದರೆ ಲೆಕ್ಕ ಬೇರೆ: ನಿಮ್ಮ ಓದಿನ ದಾಖಲೆ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ, ತಡೆಖಾತೆಯಲ್ಲಿ ವರ್ಷಕ್ಕೆ 11,904 ಯೂರೋ. ತಿಂಗಳಿಗೆ 992ರಂತೆ ಅದನ್ನೇ ನಿಮಗೆ ಬಿಡುಗಡೆ ಮಾಡುತ್ತಾರೆ. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಅನುಮತಿ ಇದೆ. ಸಾಲ ಮಾಡಿ ಈ ದಾರಿಗೆ ಬರಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತತ್ವಶಾಸ್ತ್ರದ ಸಂಬಳ ಆ ಸಾಲವನ್ನು ಬೇಗ ತೀರಿಸುವುದಿಲ್ಲ. ಬಂದ ಮೇಲೆ ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆಮಾಲೀಕರ ಸಹಿಯ ಪತ್ರ ಬೇಕು. ಅದು ಕೊಡಲ್ಲ ಅನ್ನುವ ಮನೆಗೆ ಮುಂಗಡ ಕೊಡಬೇಡಿ.

ಮುಂದಿನದ್ದೂ ಗೊತ್ತಿರಲಿ. ಇಂಥ ಅವಧಿ ನೌಕರಿಗೆ ಕಾನೂನಿನ ಮಿತಿ ಇದೆ, ಪಿಎಚ್.ಡಿ.ಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ. 65 ಪರ್ಸೆಂಟ್ ಹುದ್ದೆಯ ಒಂದು ವರ್ಷವೂ ಪೂರ್ತಿ ಒಂದು ವರ್ಷ ಅಂತಲೇ ಲೆಕ್ಕ. ಕಾಯಂ ಹುದ್ದೆ ತೀರಾ ಕಡಿಮೆ. ಅದಕ್ಕೇ ನೆಟ್ ಪ್ರಮಾಣಪತ್ರ ಜೋಪಾನವಾಗಿಡಿ, ಕನ್ನಡದಲ್ಲಿ ಪಾಠ ಹೇಳುವ ಅಭ್ಯಾಸ ಬಿಡಬೇಡಿ. ಊರಿಗೆ ಮರಳುವ ಬಾಗಿಲು ತೆರೆದೇ ಇರಲಿ. ಜರ್ಮನ್ ಕೂಡ ಈಗಲೇ ಶುರು ಮಾಡಿ, ಬೆಂಗಳೂರಿನ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಪರೀಕ್ಷೆ ಬರೆಯಬಹುದು. ಭಾಷೆಯ ಮಟ್ಟ ಎ1ರಿಂದ ಸಿ2ವರೆಗೆ ಏರುತ್ತದೆ: ನಡುವಿನ ಬಿ1 ಇದ್ದರೆ ಊಟದ ಮೇಜಿನ ಮಾತು ಕಿವಿಗೆ ಬೀಳುತ್ತದೆ, ಬಿ2 ದಾಟಿದರೆ ಪಾಠವಿರುವ ಹುದ್ದೆಗೂ ಅರ್ಜಿ ಹಾಕಬಹುದು.

ಪ್ರಸ್ತಾವದ ಮೊದಲ ಪುಟ ಬರೆದಾದ ಮೇಲೆ ಕಳಿಸಿ, ಕನ್ನಡದಲ್ಲಿದ್ದರೂ ಸರಿ. ಮೇಲೆ ಒಂದೇ ವಾಕ್ಯದಲ್ಲಿ ನಿಮ್ಮ ಪ್ರಶ್ನೆ, ಅದರ ಕೆಳಗೆ ಯಾವ ಗ್ರಂಥ, ಯಾರ ಆಕ್ಷೇಪ. ಓದಿ, ಯಾವ ವಿಭಾಗಕ್ಕೆ ಮೊದಲು ಬರೆಯಬೇಕು ಅಂತ ಹೇಳುತ್ತೇನೆ.