ಕತ್ತಿನಿಂದ ಹಾಲು ಚಿಮ್ಮಿತೇ?

ಓದುಗರ ಪತ್ರ: ಕಳೆದ ಸಂಚಿಕೆಯ ಕೊರಿಯಾ ಲೇಖನದಲ್ಲಿ, ತಲೆ ಕಡಿದಾಗ ಇಚಾದೋನನ ಕತ್ತಿನಿಂದ ಹಾಲಿನಂಥ ರಕ್ತ ಚಿಮ್ಮಿತು ಎಂದಿದ್ದೀರಿ. ಇದು ಇತಿಹಾಸವೋ, ಅಜ್ಜಿಕಥೆಯೋ? ಮತ್ತೆ, ಬೌದ್ಧಧರ್ಮವನ್ನು ಅಲ್ಲಿಗೆ ಒಯ್ದವರು ನಮ್ಮವರೇ ಅಲ್ವಾ?
– ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ: ಹಾಲಿನ ಮಾತು ಕಥೆಯೇ. ಆದರೆ ಸುಮ್ನೆ ಹುಟ್ಟಿದ ಕಥೆಯಲ್ಲ.

ಆಗ ಕೊರಿಯಾದಲ್ಲಿ ಮೂರು ದೊಡ್ಡ ರಾಜ್ಯಗಳಿದ್ದವು. ಗೋಗುರ್ಯೊ 372ರಲ್ಲಿ, ಬೆಕ್ಜೆ 384ರಲ್ಲಿ ಬೌದ್ಧಧರ್ಮವನ್ನು ಒಪ್ಪಿದವು. ಎರಡೂ ಕಡೆ ರಾಜರೇ ಭಿಕ್ಷುಗಳನ್ನು ಬರಮಾಡಿಕೊಂಡರು, ಗಲಾಟೆಯ ಸುದ್ದಿಯಿಲ್ಲ. ಮೂರನೆಯದಾದ ಸಿಲ್ಲಾ ಮಾತ್ರ ಇನ್ನೂ ಸುಮಾರು 140 ವರ್ಷ ತಡಮಾಡಿತು. ಯಾಕೆ?

ಅಲ್ಲಿ ರಾಜನ ಮಾತೇ ಕೊನೆಯ ಮಾತಾಗಿರಲಿಲ್ಲ. ಹ್ವಾಬೆಕ್ ಎಂಬ ಕುಲೀನರ ಸಭೆಯಲ್ಲಿ ಒಬ್ಬರು ಬೇಡವೆಂದರೂ ಕೆಲಸ ನಿಲ್ಲುತ್ತಿತ್ತು. ಉಲ್ಜಿನ್‌ನಲ್ಲಿ 1988ರಲ್ಲಿ ಸಿಕ್ಕ, ಸಿಲ್ಲಾದ ತೀರ್ಪೊಂದನ್ನು ಕೆತ್ತಿದ ಶಾಸನವಿದೆ, ಕಾಲ 524. ಅದರಲ್ಲಿ ರಾಜ ಬೊಪ್‌ಹುಂಗ್‌ನ ಹೆಸರು ಉಳಿದ ದೊಡ್ಡವರ ಹೆಸರುಗಳ ಸಾಲಿನಲ್ಲೇ ಇದೆ, ಅವನದೂ ಒಂದು ಬಣ. ತೀರ್ಪಿನ ಜೊತೆಗೆ ಮಚ್ಚೆಯ ಎತ್ತೊಂದನ್ನು ಕಡಿದ ವಿಷಯವೂ ಇದೆ. ಹಳೆಯ ಪೂಜೆ, ಹಳೆಯ ಪಾಲುದಾರಿಕೆ. ಹೊಸ ಧರ್ಮ ಬಂದರೆ ಎರಡೂ ಅಲ್ಲಾಡುತ್ತವೆಂದು ಕುಲೀನರಿಗೆ ಗೊತ್ತಿತ್ತು. ಬೋಳು ತಲೆ, ವಿಚಿತ್ರ ಬಟ್ಟೆ, ವಿಚಿತ್ರ ಮಾತು ಅಂತ ಅವರು ಭಿಕ್ಷುಗಳನ್ನು ಹಳಿದರಂತೆ. ಅದು ಬಾಯಿಮಾತಿನ ಕಾರಣ ಎಂದೇ ನನ್ನ ಅನಿಸಿಕೆ.

ಇಚಾದೋನ್ ರಾಜನ ಹತ್ತಿರದ ಯುವ ಅಧಿಕಾರಿ. ಪವಿತ್ರವೆಂದು ಭಾವಿಸಿದ್ದ ತೋಪಿನಲ್ಲಿ ಬೌದ್ಧ ದೇಗುಲ ಕಟ್ಟುವ ವಿಷಯಕ್ಕೆ ಸಭೆ ತಿರುಗಿಬಿತ್ತು. ‘ತಪ್ಪನ್ನು ನನ್ನ ಮೇಲೆ ಹಾಕಿ, ನನ್ನ ತಲೆ ತೆಗೆಯಿರಿ, ಜಗಳ ಮುಗಿಯಲಿ’ ಎಂಬರ್ಥದ ಮಾತನ್ನು ಅವನೇ ರಾಜನಿಗೆ ಹೇಳಿದ ಎನ್ನುತ್ತದೆ ಪರಂಪರೆ. 527ರಲ್ಲಿ ತಲೆ ಹೋಯಿತು. ಬಿಳಿ ರಕ್ತ ಚಿಮ್ಮಿತು, ಕುಲೀನರು ಬಾಯಿ ಮುಚ್ಚಿದರು ಎಂದು ಕಥೆ.

ಒಂದು ಲೆಕ್ಕ ನೋಡಿ. ಆ ದೇಗುಲ, ಹುಂಗ್ನ್ಯುನ್ಸಾ, ಮುಗಿದದ್ದು 544ರಲ್ಲಿ, ಮುಂದಿನ ರಾಜನ ಕಾಲಕ್ಕೆ. ಪವಾಡ ಕಂಡು ಎಲ್ಲರೂ ಆ ಕ್ಷಣವೇ ಶರಣಾಗಿದ್ದರೆ 17 ವರ್ಷ ಬೇಕಿತ್ತೇ? ಎಳೆದಾಟ ಒಳಗೊಳಗೇ ನಡೆದಿರಬೇಕು. ಆದರೆ ಗೆದ್ದವನು ರಾಜ, ಅದರಲ್ಲಿ ಅನುಮಾನವಿಲ್ಲ. 529ರಲ್ಲಿ ಪ್ರಾಣಿಹತ್ಯೆ ನಿಷೇಧವಾಯಿತು, ಎತ್ತು ಕಡಿದು ಐದೇ ವರ್ಷ! 535ರ ಹೊತ್ತಿಗೆ ಬಂಡೆಬರಹವೊಂದು ಅವನನ್ನು ಮಹಾರಾಜ ಎಂದು ಕರೆಯುತ್ತದೆ. ಮುಂದೆ ಜಿನ್‌ಪ್ಯೊಂಗ್ ಎಂಬ ರಾಜನಿಗೆ ಬುದ್ಧನ ತಂದೆ ಶುದ್ಧೋದನನ ಹೆಸರು, ರಾಣಿಗೆ ಮಾಯಾ ಎಂಬ ಹೆಸರು. ಬುದ್ಧನ ಮನೆತನವೇ ನಮ್ಮದು ಅನ್ನುವವರ ಮುಂದೆ ಸಭೆಯವರು ಏನು ಹೇಳಿಯಾರು?

ಹಾಗಂತ ಇಚಾದೋನನೇ ಕಟ್ಟುಕಥೆ ಎಂದು ನಾನು ಹೇಳುತ್ತಿಲ್ಲ. 1145ರ ಇತಿಹಾಸಗ್ರಂಥ ‘ಸಮ್ಗುಕ್ ಸಾಗಿ’ಯಲ್ಲಿ ಅವನಿದ್ದಾನೆ. ಅದಕ್ಕೂ ಮೊದಲೇ, 9ನೇ ಶತಮಾನದ ಆರು ಮುಖದ ಕಲ್ಲುಕಂಬವೊಂದರಲ್ಲಿ ಅವನ ಕಡಿದ ತಲೆ, ಮೇಲಕ್ಕೆ ಚಿಮ್ಮುವ ರಕ್ತ ಎರಡನ್ನೂ ಕೆತ್ತಿದ್ದಾರೆ. ಕಂಬ ಈಗ ಗ್ಯೊಂಗ್ಜುವಿನ ಮ್ಯೂಸಿಯಂನಲ್ಲಿದೆ.

ಇನ್ನು ‘ನಮ್ಮವರೇ ಅಲ್ವಾ’ ಎಂಬ ಪ್ರಶ್ನೆ. ಗೋಗುರ್ಯೊಗೆ ಭಿಕ್ಷುವನ್ನು ಕಳಿಸಿದ್ದು ಉತ್ತರ ಚೀನಾದ ಅರಸ. ಬೆಕ್ಜೆಗೆ ಬಂದ ಮಾರಾನಂತ ಭಾರತದವನೆಂಬ ನಂಬಿಕೆ ಅಲ್ಲೂ ಇದೆ. ಹಳೆಯ ಇತಿಹಾಸ ಮಾತ್ರ ಅವನನ್ನು ಪಶ್ಚಿಮದ ಪರದೇಶಿ ಭಿಕ್ಷು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅವನೂ ಚೀನಾದಿಂದಲೇ ಅಲ್ಲಿಗೆ ಹೋದವನು. ಸಿಲ್ಲಾದವರು ಮಾತ್ರ ನಿಮಗೆ ಖುಷಿಯಾಗುವಂಥ ಕಥೆಯೊಂದನ್ನು ಕಟ್ಟಿದ್ದಾರೆ: ಅಶೋಕ ಬುದ್ಧನ ವಿಗ್ರಹ ಎರಕ ಹೊಯ್ಯಲಾಗದೆ ಕಬ್ಬಿಣ, ಚಿನ್ನ ಎಲ್ಲವನ್ನೂ ಹಡಗಿಗೆ ತುಂಬಿ ಕಳಿಸಿದನಂತೆ, ಅದು ಸಿಲ್ಲಾದ ದಡಕ್ಕೆ ಬಂದು ಸೇರಿತಂತೆ. ಅಶೋಕನಿಗೂ ಅವರಿಗೂ ನಡುವೆ ಎಂಟು ಶತಮಾನಗಳ ಅಂತರವಿದೆ!