ಹಿಂದಿನ ಬೆಂಚಿನ ಟೀಚರ್

ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೂರನೇ ಪುಟದ ಕೊನೆಯಲ್ಲಿ ನೀವು ಹಾಗೇ ಬರೆದು ದಾಟಿಹೋದ ಅರ್ಧ ಸಾಲೊಂದು ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ. ಪತ್ರ ಬರೆದಾಕೆಗೆ 27 ವರ್ಷ. ಇದ್ದ ಕೆಲಸ ಬಿಟ್ಟು, ಹೊರದೇಶದ ಹಳ್ಳಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಸ್ವಯಂಸೇವಕಿಯಾಗಿ ಹೋಗಿದ್ದಾರೆ. ದೇಶದ ಹೆಸರು ಹಾಕಬೇಡಿ ಎಂದಿದ್ದಾರೆ. ಹನ್ನೊಂದು ತಿಂಗಳಿಗೆ ಒಪ್ಪಿ ಹೋದವರು, ಐದು ತಿಂಗಳು ಮುಗಿದಿದೆ. ಅಲ್ಲಿಯವರದೇ ಒಂದು ಮನೆಯಲ್ಲಿ ವಾಸ. ತರಗತಿಯಲ್ಲಿ 48 ಮಕ್ಕಳು, ಒಬ್ಬರೂ ಬಾಯಿ ಬಿಡುವುದಿಲ್ಲ. ಸಂಜೆ ಮನೆಮಂದಿಯೆಲ್ಲ ನಗುತ್ತಾ ಮಾತಾಡುವಾಗ ಈಕೆ ಸ್ವಲ್ಪ ಹೊತ್ತು ಕೂತಿದ್ದು, ಕೋಣೆ ಸೇರಿ ಫೋನ್ ಹಿಡಿಯುತ್ತಾರೆ. "ನಾನು ಇಲ್ಲಿ ಯಾರಿಗೂ ಬೇಕಾಗಿಲ್ಲ. ಅರ್ಧಕ್ಕೇ ಹೊರಟುಬಂದರೆ ಎಲ್ಲರೂ ಹೇಡಿ ಅಂತಾರೆ. ಏನು ಮಾಡಲಿ?"

ಒಂಟಿತನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು 1960ರಲ್ಲೇ 'ಕಲ್ಚರ್ ಶಾಕ್' ಬಗ್ಗೆ ಬರೆಯುತ್ತಾ, ಹೊಸ ದೇಶದಲ್ಲಿ ಮೊದಮೊದಲು ಎಲ್ಲವೂ ಚೆಂದ ಕಾಣುತ್ತದೆ, ಆಮೇಲೆ ಅದೇ ಜನ, ಅದೇ ಬೀದಿ ಸಹಿಸಲಾಗದಂತೆ ಆಗುತ್ತದೆ ಎಂದು ವಿವರಿಸಿದ್ದಾರೆ. ನೀವು ಈಗ ಆ ಎರಡನೇ ಘಟ್ಟದಲ್ಲಿದ್ದೀರಿ. ಈ ಹೊತ್ತಿನಲ್ಲಿ ಟಿಕೆಟ್ ಬುಕ್ ಮಾಡಬೇಡಿ.

ಮಕ್ಕಳ ಮೌನಕ್ಕೂ ಅಷ್ಟು ಹೆದರಬೇಡಿ. ಹೊಸ ಭಾಷೆ ಕಿವಿಗೆ ಬೀಳತೊಡಗಿದ ಮೇಲೆ ಮಗು ತಿಂಗಳುಗಟ್ಟಲೆ ಸುಮ್ಮನಿರಬಹುದು. ಸ್ಟೀಫನ್ ಕ್ರಾಶನ್ ಅವರಂಥ ಭಾಷಾತಜ್ಞರು ಅದನ್ನು 'ಮೌನದ ಅವಧಿ' ಎಂದೇ ಕರೆಯುತ್ತಾರೆ. ಬಾಯಿ ಮುಚ್ಚಿದ್ದರೂ ಕಿವಿ ಕೆಲಸ ಮಾಡುತ್ತಿರುತ್ತದೆ. ಆದರೆ ಕಿವಿಗೆ ಬಿದ್ದದ್ದು ಅರ್ಥವಾಗುವಂತಿರಬೇಕು, ಅರ್ಥವಾಗದ ಮಾತು ಬರೀ ಸದ್ದು. ನಿಮ್ಮ ತರಗತಿಯಲ್ಲಿ ಆಗುತ್ತಿರುವುದು ಎರಡನೆಯದು ಎಂದು ನನ್ನ ಅನುಮಾನ. ಯಾಕೆಂದರೆ ಐದು ತಿಂಗಳಲ್ಲಿ ನಿಮಗೆ ಆ ಮಕ್ಕಳ ಭಾಷೆಯಲ್ಲಿ ನಮಸ್ಕಾರ, ಥ್ಯಾಂಕ್ಸ್ ಬಿಟ್ಟು ಏನೂ ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ.

ಈಗ ಆ ಅರ್ಧ ಸಾಲು. "ಇಂಗ್ಲಿಷ್ ಟೀಚರ್ ಒಬ್ಬರಿದ್ದಾರೆ, ನಾನು ಬಂದ ಮೇಲೆ ಅವರು ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ತಿದ್ದುತ್ತಾರೆ."

ತಾಯೀ, ಆ ತರಗತಿ ಅವರದು! ನೀವು ಬರುವ ಮುಂಚೆ ಆ 48 ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಅವರು. ನೀವು ಹೊರಟ ಮರುದಿನ ಅದೇ ಕಪ್ಪುಹಲಗೆ ಮುಂದೆ ನಿಲ್ಲಬೇಕಾದವರೂ ಅವರೇ. ಯಾವ ಮಗುವಿನ ಅಪ್ಪ ಕೆಲಸ ಹುಡುಕಿಕೊಂಡು ದೂರ ಹೋಗಿದ್ದಾನೆ, ಯಾವ ಮಗುವಿಗೆ ಕಣ್ಣು ಮಂಜು, ಯಾರನ್ನು ಎಬ್ಬಿಸಿ ಕೇಳಿದರೆ ಅಳುತ್ತಾರೆ, ಎಲ್ಲ ಅವರಿಗೆ ಗೊತ್ತು. ಅಂಥವರು ಐದು ತಿಂಗಳಿಂದ ತಮ್ಮದೇ ತರಗತಿಯಲ್ಲಿ ಅತಿಥಿಯ ಹಾಗೆ ಕೂತಿದ್ದಾರೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಕರುಳು ಮಿಡಿಯುವುದು ಅವರಿಗೆ.

ಯಾಕೆ ಅಂದರೆ ಆ ಬೆಂಚಿನಲ್ಲಿ ನಾನೂ ಕೂತಿದ್ದೇನೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಮೂರು ತಿಂಗಳಿಗೆಂದು ಒಬ್ಬರು ಬಂದರು. ಒಳ್ಳೆಯವರೇ. ಹಾಡು, ಆಟ, ಬಣ್ಣದ ಕಾರ್ಡು ಎಲ್ಲ ತಂದಿದ್ದರು. ಮಕ್ಕಳಿಗೆ ಖುಷಿಯೋ ಖುಷಿ. ನನ್ನನ್ನು ಒಂದು ಮಾತು ಕೇಳದೆ ಪುಸ್ತಕ ಪಕ್ಕಕ್ಕಿಟ್ಟರು. ಅವರು ಹೋದ ಮೇಲೆ ಪುಸ್ತಕ ಮತ್ತೆ ಕೈಗೆ ತೆಗೆದುಕೊಂಡ ನನ್ನನ್ನು ಮಕ್ಕಳು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬಣ್ಣದ ಕಾರ್ಡುಗಳು ಎಲ್ಲಿ ಸಿಗುತ್ತವೆ, ಆ ಆಟ ಆಡಿಸುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ವರ್ಷ ಪೂರ್ತಿ ನನ್ನ ತರಗತಿ ನನ್ನ ಕೈಗೆ ವಾಪಸ್ ಬರಲಿಲ್ಲ.

ತಪ್ಪು ಪೂರ್ತಿ ನಿಮ್ಮದಲ್ಲ. ನಿಮ್ಮನ್ನು ಕಳಿಸಿದ ಸಂಯೋಜಕರ ಮೇಲೆ ನನಗೆ ನಿಜಕ್ಕೂ ಕೋಪವಿದೆ. ಎರಡು ದಿನದ ಆನ್‌ಲೈನ್ ತರಬೇತಿ, ಅದರಲ್ಲೂ "ಅಲ್ಲಿನ ಭಾಷೆ ಕಲಿಯಬೇಡಿ, ಕಲಿತರೆ ಮಕ್ಕಳು ಇಂಗ್ಲಿಷ್ ಮಾತಾಡುವುದಿಲ್ಲ" ಎಂಬ ಉಪದೇಶ! 1961ರಲ್ಲಿ ಶುರುವಾದ ಅಮೆರಿಕದ ಪೀಸ್ ಕೋರ್ ತನ್ನ ಸ್ವಯಂಸೇವಕರನ್ನು ಸಾಮಾನ್ಯವಾಗಿ 27 ತಿಂಗಳಿಗೆ ಕಳಿಸುತ್ತದೆ. ಅದರಲ್ಲಿ ಮೊದಲ ಸುಮಾರು 3 ತಿಂಗಳು ತರಬೇತಿಯೇ, ಅಲ್ಲಿನ ಜನರ ಭಾಷೆ ಕಲಿಯುವುದು ಅದರ ದೊಡ್ಡ ಭಾಗ. ಆಮೇಲೂ ಅಲ್ಲಿಯ ಒಬ್ಬರ ಜೊತೆಗೂಡಿ ದುಡಿಯಬೇಕು. ಸ್ವತಃ ಹೊಸ ಭಾಷೆ ಕಲಿಯಲು ಹೋಗಿ ತಡವರಿಸದವರು ಇನ್ನೊಬ್ಬರಿಗೆ ಭಾಷೆ ಕಲಿಸಬಾರದು, ಇದನ್ನು ನಾನು ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮಗುವಿಗೆ ಬಾಯಿ ಬಿಡಲು ಯಾಕೆ ಭಯ ಎಂಬುದು ನಮ್ಮ ನಾಲಿಗೆ ತೊದಲಿದಾಗಲೇ ತಿಳಿಯುವುದು.

ಹಾಗಾಗಿ ನಿಮಗೆ ಒಂದೇ ಕೆಲಸ ಹೇಳುತ್ತೇನೆ. ನಾಳೆ ಆ ಹಿಂದಿನ ಬೆಂಚಿಗೆ ನೀವು ಹೋಗಿ ಕೂರಿ. ಒಂದು ವಾರ ಅವರು ಪಾಠ ಮಾಡಲಿ, ನೀವು ಮಕ್ಕಳ ಜೊತೆ ನೋಟ್‌ಬುಕ್ ತೆರೆದು ಅವರ ಭಾಷೆ ಬರೆದುಕೊಳ್ಳಿ. ತಪ್ಪು ಉಚ್ಚಾರ ಮಾಡಿ, ಮಕ್ಕಳು ತಿದ್ದಲಿ. ನಗುತ್ತಾರೆ, ನಗಲಿ. ಅವತ್ತೇ ಅವರ ಬಾಯಿ ತೆರೆಯಬಹುದು.

ಅದಾದ ಮೇಲೆ ಹಲಗೆಯ ಮುಂದೆ ಇಬ್ಬರೂ ನಿಲ್ಲಿ. ಅಂಗಡಿಯವಳು ನೀವು, ಕೊಳ್ಳುವವರು ಅವರು. ರೋಗಿ ಅವರು, ಡಾಕ್ಟರ್ ನೀವು. ಒಬ್ಬಳೇ ಟೀಚರ್ ಇದ್ದಾಗ ಸಂಭಾಷಣೆ ಕಲಿಸುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ. ಇಬ್ಬರಿದ್ದರೆ ಅದು ಕಣ್ಣೆದುರೇ ನಡೆಯುತ್ತದೆ. "ಎದ್ದು ನಿಲ್ಲು", "ಬಾಗಿಲು ತೆಗೆ" ಎಂದು ಇಂಗ್ಲಿಷಿನಲ್ಲಿ ನೀವು ಹೇಳಿ, ಅವರು ಮಾಡಿ ತೋರಿಸಲಿ, ಮಕ್ಕಳು ಮಾತಾಡದೆಯೇ ಮಾಡಲಿ. ಜೇಮ್ಸ್ ಆಶರ್ ರೂಪಿಸಿದ ಈ ವಿಧಾನಕ್ಕೆ ದುಡ್ಡೂ ಬೇಡ, ಕಾರ್ಡೂ ಬೇಡ. ನೀವು ಹೋದ ಮೇಲೂ ಅವರು ಒಬ್ಬರೇ ಮುಂದುವರಿಸಬಹುದು.

ವಾಪಸ್ ಬರುವುದೋ ಬೇಡವೋ ಎಂಬುದನ್ನು ಒಂದು ತಿಂಗಳ ನಂತರ ಮಾತಾಡೋಣ. ಆಗಲೂ ಬರಬೇಕೆನ್ನಿಸಿದರೆ ಬನ್ನಿ, ಅದರಲ್ಲಿ ಹೇಡಿತನವೇನೂ ಇಲ್ಲ. ಮುಂದಿನ ಪತ್ರದಲ್ಲಿ ಆ ಟೀಚರ್ ಹೆಸರು ಬರೆಯಿರಿ. ಪ್ರಕಟಿಸುವುದಿಲ್ಲ. ಈ ನಾಲ್ಕು ಪುಟದಲ್ಲಿ ಅದನ್ನು ಹುಡುಕಿದೆ, ಎಲ್ಲೂ ಸಿಗಲಿಲ್ಲ.